ನಲವತ್ತು ಹಲ್ಲಿನ ಚಕ್ರ

ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ದರ್ಸೊನೊಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಪರಾಕನ್ ಸಂತೆಯ ಹಿಂಬದಿಯ ಈ ಸಾಲಿನಲ್ಲಿ ಸೈಕಲ್ಲಿನ ಬಿಡಿಭಾಗಗಳನ್ನು ಹರಡಿಕೊಂಡು ಇಪ್ಪತ್ತೆಂಟು ವರ್ಷದಿಂದ ಕೂತವನು ಅವನು. ದಿನದ ಮೊದಲ ನೋಟು ಕೈಗೆ ಬಂದೊಡನೆ ಅದರಿಂದ ಚೈನು, ಪೆಡಲು, ಬ್ರೇಕಿನ ರಬ್ಬರು, ತೂಗುಹಾಕಿದ ಟ್ಯೂಬುಗಳನ್ನೆಲ್ಲ ಒಂದೊಂದು ಸಲ ತಟ್ಟಿ, ಮಿಕ್ಕ ಮಾಲೂ ಹೀಗೆಯೇ ಹೋಗಲಪ್ಪಾ ಎಂದು ತುಟಿಯೊಳಗೇ ಬೇಡಿಕೊಂಡು ಜೇಬಿಗಿಳಿಸುವವನು. ಅಂಥವನು ಇವತ್ತು, ಅದೂ ಐದು ದಿನಕ್ಕೊಮ್ಮೆ ಬರುವ ಪೋನ್ ಸಂತೆಯ ದಿನ, ಮೊದಲ ಗಿರಾಕಿಗೆ ಇಲ್ಲ ಅಂದುಬಿಟ್ಟಿದ್ದ. ಗಿರಾಕಿ ಮಾಗೆಲಾಂಗ್ ಕಡೆಯ ಯಾವುದೋ ಕಚೇರಿಯವನು. ಹೊಸ ಸೈಕಲ್ಲು, ಹೊಸ ಬೂಟು, ಅಂಗಿಗೆ ಬಿಗಿಯಾದ ಹೊಟ್ಟೆ. ಬೆಟ್ಟದ ಕಡಿದಾದ ಕ್ಲೆಪು ಏರು ಹತ್ತಬೇಕೆಂದು ಆಸೆ. ಬಂದವನೇ ಗೋಡೆಯ ಮೊಳೆಗೆ ನೇತುಹಾಕಿದ್ದ ದೊಡ್ಡ ಗೇರ್ ಸೆಟ್ಟಿಗೆ ಬೆರಳು ತೋರಿಸಿದ. ಸೈಕಲ್ಲಿನ ಹಿಂದಿನ ಗಾಲಿಗೆ ಕೂರುವ ಆ ಹಲ್ಲುಚಕ್ರಗಳ ಗೊಂಚಲಿನಲ್ಲಿ ಎಲ್ಲಕ್ಕಿಂತ ಹಿಂದಿನದು ಊಟದ ತಟ್ಟೆಯಷ್ಟು ಅಗಲ, ನಲವತ್ತು ಹಲ್ಲು.

"ಅದು ಬೇರೆಯವರಿಗೆ ಹೇಳಿಟ್ಟಿದ್ದು," ಅಂದ ದರ್ಸೊನೊ, ಅವನ ಮುಖ ನೋಡದೆ.

"ನಾಲ್ಕು ತಿಂಗಳ ಹಿಂದೆ ಬಂದಾಗ್ಲೂ ಇದನ್ನೇ ಅಂದ್ರಲ್ಲ ಪಾಕ್. ಹೇಳಿಟ್ಟೋರು ನಡ್ಕೊಂಡು ಬರ್ತಾ ಇದ್ದಾರಾ?" ಹೊರಗಿನ ಗಂಡಸರನ್ನು ಗೌರವಕ್ಕೆ ಕರೆಯುವ ಪಾಕ್ ಎಂಬ ಮಾತಿನಲ್ಲೂ ಅವನ ಅಸಹನೆ ಕಾಣುತ್ತಿತ್ತು.

ಪಕ್ಕದಂಗಡಿಯ ಗೊಂಡೊ ಹೋ ಎಂದು ನಕ್ಕ. ಹಳೆಯ ಪಾನಾ, ಗರಗಸ, ತುಕ್ಕು ಹಿಡಿದ ಇಕ್ಕಳಗಳ ನಡುವೆ ಗುಡ್ಡೆಯಾಗಿ ಕೂತ ಗೊಂಡೊನಿಗೆ ನಗುವುದಕ್ಕೆ ಇಷ್ಟು ಸಾಕು. "ಕೇಳಿ ಪಾಕ್, ಚೆನ್ನಾಗಿ ಕೇಳಿ! ನಾನೂ ಮೂರು ವರ್ಷದಿಂದ ಕೇಳ್ತಾನೇ ಇದೀನಿ. ಯಾವಳೋ ಪ್ರೇಯಸಿಗೆ ಎತ್ತಿಟ್ಟಿದಾನೆ ಅಂತ ಕಾಣುತ್ತೆ." ಗಿರಾಕಿ ಮುಖ ಸಿಂಡರಿಸಿಕೊಂಡು ಹೊರಟುಹೋದ. ಅವನ ಹೊಸ ಬೂಟುಗಳು ಸಿಮೆಂಟಿನ ಮೇಲೆ ಟಕ್ ಟಕ್ ಎನ್ನುವುದನ್ನು ಕೇಳುತ್ತ ದರ್ಸೊನೊ ಗಾಲಿಯ ಅಚ್ಚಿಗೆ ಹಾಕುವ ಕೋನ್ ಒಂದನ್ನು ಚಿಂದಿಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಬೋಣಿ ಕೆಟ್ಟಿತು. ಇವತ್ತಿನ ದಿನ ಹೀಗೆಯೇ ಎಂದು ಅವನಿಗೆ ಏಳುವಾಗಲೇ ಗೊತ್ತಿತ್ತೇನೋ. ಎದೆಯೊಳಗೆ ಯಾರೋ ಸಾಮಾನು ಎಳೆದಾಡುತ್ತಿರುವ ಹಾಗೆ ಮೊನ್ನೆಯಿಂದ ಒಂದೇ ಸಮ ಕಸಿವಿಸಿ.

ಏರಿಗೆ ಎಷ್ಟು ಹಲ್ಲು ಬೇಕೆಂದು ಹೇಳುವುದರಲ್ಲಿ ಈ ಸೀಮೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಸುಂಬಿಂಗ್ ಬೆಟ್ಟದ ಈ ಮಗ್ಗುಲಿನಲ್ಲಿ ರಸ್ತೆ ಎಂದರೆ ತಂಬಾಕಿನ ಹೊಲದವರು ತಮ್ಮ ಬುಟ್ಟಿ ಇಳಿಸುವುದಕ್ಕೆ ನೆಟ್ಟಗೆ ಗೀರಿದ ಗೆರೆಗಳು. ನಾಲ್ಕಾರು ತಿರುವು ಬಿಟ್ಟರೆ ಸುತ್ತಿ ಬಳಸಿ ಹೋಗುವ ಸೌಜನ್ಯ ಅವಕ್ಕಿಲ್ಲ. ಅದನ್ನು ಸೈಕಲ್ಲಿನಲ್ಲಿ ಹತ್ತುವ ಹುಚ್ಚು ಹಿಡಿದವರೆಲ್ಲ ಮೊದಲು ದರ್ಸೊನೊನ ಮುಂದೆ ಬಂದು ನಿಲ್ಲಬೇಕು. ಅವನು ಸೈಕಲ್ಲನ್ನು ನೋಡುವುದಿಲ್ಲ, ಆಳನ್ನು ನೋಡುತ್ತಾನೆ. ಸಂತೆಯ ಹಿಂದಿನ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದು ಬಾ ಎನ್ನುತ್ತಾನೆ. ಬಂದವನ ಪಕ್ಕ ಸುಮ್ಮನೆ ನಿಂತು ಉಸಿರು ಕೇಳಿಸಿಕೊಳ್ಳುತ್ತಾನೆ. ಮಂಡಿಯ ಮೇಲೆ ಅಂಗೈಯಿಟ್ಟು ಕೂತು ಏಳು ಎನ್ನುತ್ತಾನೆ. ಆಮೇಲೆ ಒಂದೇ ಮಾತು: ಮೂವತ್ತೆರಡು. ಇಲ್ಲವೇ, ಮುಂದಿನ ಚಕ್ರ ಚಿಕ್ಕದು ಮಾಡು, ಹಿಂದಿನದು ಇರಲಿ. ಜನ ತೀರ್ಪು ಕೇಳಿದಂತೆ ಕೇಳಿಕೊಂಡು ಹೋಗುತ್ತಿದ್ದರು. ಆ ಹೆಮ್ಮೆ ಅವನಿಗೆ ಎಷ್ಟಿತ್ತೆಂದರೆ ತನ್ನ ಮಂಡಿ ಕಿರುಗುಟ್ಟಲು ಶುರುವಾದಾಗ ತನಗೆಷ್ಟು ಹಲ್ಲು ಬೇಕೆಂದು ಹೇಳಿಕೊಳ್ಳುವುದೇ ಅವನಿಗೆ ಆಗಿರಲಿಲ್ಲ.

ಮೊನ್ನೆ ಗೆಳೆಯ ಪ್ರಪ್ತೊ ಸತ್ತು ಸಾವಿರ ದಿನ ತುಂಬಿದ ಪ್ರಾರ್ಥನೆ. ಏಳಕ್ಕೆ, ನಲವತ್ತಕ್ಕೆ, ನೂರಕ್ಕೆ ಎಲ್ಲದಕ್ಕೂ ದರ್ಸೊನೊ ಹೋಗಿದ್ದ, ಚಾಪೆ ಹಾಸಿದ್ದ, ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸಿದ್ದ. ಸಾವಿರದ ದಿನಕ್ಕೆ ಮಾತ್ರ ಹೆಂಡತಿಯನ್ನು ಕಳಿಸಿ ತಾನು ಜ್ವರವೆಂದ. ಆ ದಿನ ಕಳೆದ ಮೇಲೆ ಸತ್ತವರಿಗಾಗಿ ಮಾಡುವುದು ಏನೂ ಉಳಿಯುವುದಿಲ್ಲ. ಗೋರಿಗೆ ಕಲ್ಲು ಕೂರಿಸುತ್ತಾರೆ, ಸಾಮಾನನ್ನು ಕೊಡುವವರಿಗೆ ಕೊಡುತ್ತಾರೆ, ಬದುಕಿರುವವರು ಅವರವರ ದಾರಿ ಹಿಡಿಯುತ್ತಾರೆ. ಹೆಂಡತಿ ತಂದ ಪ್ರಸಾದದ ಪೆಟ್ಟಿಗೆಯಲ್ಲಿ ಅನ್ನ, ಕೋಳಿ, ಸೋಯಾಕಾಳಿನ ಟೆಂಪೆ, ಒಂದು ಬಾಳೆಹಣ್ಣು, ಮುಚ್ಚಳದ ಮೇಲೆ ಪ್ರಪ್ತೊನ ಹೆಸರು. ಅನ್ನವನ್ನು ಚೆಲ್ಲುವಂತಿಲ್ಲ. ಒಂದೊಂದು ತುತ್ತನ್ನೂ ನೀರು ಕುಡಿದು ನುಂಗಿದ. ಹೆಂಡತಿ ಎದುರು ಕೂತು, ಪ್ರಾರ್ಥನೆ ನಡೆಸಿದ ಕಿಯಾಯಿ ಎಷ್ಟು ಚೆನ್ನಾಗಿ ಮಾತಾಡಿದರು ಗೊತ್ತಾ, ದೇವರ ಹೆಸರು ನಾಲಿಗೆಯ ಮೇಲಿಟ್ಟುಕೊಂಡು ಹೋದ ಪುಣ್ಯವಂತ ಅಂದರು, ಮುರ್ನಿ ಗಂಡನನ್ನು ನೆನೆದು ಅತ್ತಳು, ಆದರೆ ಸಮಾಧಾನದ ಅಳು ಅದು, ಎಂದು ಹೇಳುತ್ತಲೇ ಇದ್ದಳು. ಅವನು ಬಾಳೆಹಣ್ಣಿನ ಸಿಪ್ಪೆಯನ್ನು ಸಣ್ಣ ಸಣ್ಣ ಎಳೆಯಾಗಿ ಸೀಳುತ್ತಿದ್ದ.

ಪ್ರಪ್ತೊ ತಂಬಾಕಿನ ಗೋದಾಮಿನಲ್ಲಿ ಎಲೆ ಮೂಸುವ ಕೆಲಸದವನು. ಹಿಡಿಯಷ್ಟು ಎಲೆ ಮೂಗಿಗೆ ಹಿಡಿದು ಇದು ಬೆಟ್ಟದ ಯಾವ ಮಗ್ಗುಲಿನದು, ಯಾವ ಕೊಯ್ಲಿನದು ಎನ್ನುತ್ತಿದ್ದ. ಭಾನುವಾರದ ಗುಂಪಿನ ಎಂಟು ಜನರಲ್ಲಿ ಯಾವಾಗಲೂ ಮೊದಲು ತುದಿ ಮುಟ್ಟುವವನು. ಮೇಲೆ ಹೋಗಿ ಕಲ್ಲಿನ ಮೇಲೆ ಕೂತು, ಲವಂಗದ ಸಿಗರೇಟು ಹಚ್ಚಿ, ಕೊನೆಯವನಾಗಿ ಏದುತ್ತ ಬರುವ ದರ್ಸೊನೊಗೆ, "ಬನ್ನಿ ಗುರುಗಳೇ, ಕಾಫಿ ಆರಿ ಹೋಯ್ತು," ಎನ್ನುವವನು. ಅದರಲ್ಲಿ ವಿಷವಿರಲಿಲ್ಲ. ಇರಲಿಲ್ಲವೆಂದು ಗೊತ್ತಿದ್ದೂ ಅದು ಪ್ರತಿ ಭಾನುವಾರ ದರ್ಸೊನೊನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು. ಇದೇ ಅಂಗಡಿ, ಇದೇ ಮೊಳೆ. ಸಾಯುವ ಕೆಲವು ದಿನ ಮೊದಲು ಪ್ರಪ್ತೊ ದೊಡ್ಡ ಸೆಟ್ಟನ್ನು ಮೊಳೆಯಿಂದ ತೆಗೆದು ಕೈಯಲ್ಲಿ ತೂಗಿ, "ಇತ್ತೀಚೆಗೆ ನಾಲ್ಕನೇ ತಿರುವಲ್ಲಿ ಎದೆ ಹಿಡ್ಕೊಳ್ಳುತ್ತೆ ಮಾರಾಯ. ಇದನ್ನ ಹಾಕ್ಬಿಡು ನಂಗೆ," ಅಂದಿದ್ದ. ಗೊಂಡೊ ಇದ್ದ, ಇನ್ನಿಬ್ಬರಿದ್ದರು. ಮೆಟ್ಟಿಲು ಹತ್ತಿ ಬಾ ಎನ್ನಬೇಕಿತ್ತು, ಉಸಿರು ಕೇಳಬೇಕಿತ್ತು. ದರ್ಸೊನೊ ಎಲ್ಲರಿಗೂ ಕೇಳುವಂತೆ ಅಂದದ್ದೇ ಬೇರೆ: "ಯಾಕೆ, ಇದರಲ್ಲಿ ಅನ್ನ ಬಡಿಸ್ಕೊಂಡು ಉಣ್ತೀಯಾ? ಅಜ್ಜಿಯರ ತಟ್ಟೆ ಕಣೋ ಇದು! ನಿನ್ನ ಕಾಲಿಗೆ ಇಪ್ಪತ್ತೈದೇ ಜಾಸ್ತಿ." ಗೊಂಡೊ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ರಪ್ತೊನೂ ನಕ್ಕ, ನಕ್ಕು ತನ್ನ ಕೈಯಿಂದಲೇ ಅದನ್ನು ಮತ್ತೆ ಮೊಳೆಗೆ ಹಾಕಿದ. ಆ ಸೆಟ್ಟು ಒಂದೇ ಒಂದಿತ್ತು. ಸುರಬಾಯದಿಂದ ಎರಡು ತಿಂಗಳು ಕಾದು ತರಿಸಿದ್ದು. ಅದನ್ನು ದರ್ಸೊನೊ ತರಿಸಿದ್ದು ತನ್ನ ಮಂಡಿಗೆ.

ಒಮ್ಮೆ, ವರ್ಷದ ಹಿಂದೆ, ಅವನು ಗೊಂಡೊನ ಹತ್ತಿರ ಈ ಮಾತು ತೆಗೆದಿದ್ದ. ತಟ್ಟೆ ಅಂತ ನಕ್ಕಿದ್ವಲ್ಲ, ನೆನಪಿದೆಯಾ? "ಯಾವ ತಟ್ಟೆ?" ಅಂದ ಗೊಂಡೊ. "ದಿನಕ್ಕೆ ನೂರು ಮಾತಾಡ್ತೀವಪ್ಪ." ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾಲ್ಕು ಜನ ಸೇರಿ ಮಾಡಿದ ತಪ್ಪು ಒಬ್ಬನ ತಲೆಗೇ ಉಳಿದುಕೊಂಡಿತ್ತು.

ಹನ್ನೊಂದೂವರೆಯ ಹೊತ್ತಿಗೆ ಸಂತೆ ತುಂಬಿತು. ಈರುಳ್ಳಿ ಗಾಡಿ, ಕೋಳಿಪಂಜರ, ಬಿದಿರಿನ ತಟ್ಟಿ ಹೊತ್ತವರ ನಡುವಿನಿಂದ ನೀಲಿ ಸೈಕಲ್ಲೊಂದನ್ನು ಯಾರೋ ದೂಡಿಕೊಂಡು ಬರುವುದು ಕಾಣಿಸಿತು. ಮೊದಲು ಸೈಕಲ್ಲು, ಆಮೇಲೆ ಅದನ್ನು ಹಿಡಿದಿದ್ದ ಕೈ, ಆಮೇಲೆ ಬೂದುಬಣ್ಣದ ಶಿರವಸ್ತ್ರ. ಅದು ಪ್ರಪ್ತೊನ ಸೈಕಲ್ಲು, ಬರುತ್ತಿದ್ದವಳು ಅವನ ಹೆಂಡತಿ ಮುರ್ನಿ. ಐವತ್ತಾರು ವರ್ಷದ ಗಂಡಸು, ಮೊಮ್ಮಗುವಿರುವವನು, ಸರಕ್ಕನೆ ಕೂತು ಹಲಗೆಯ ಕೆಳಗೆ ತಲೆ ತೂರಿಸಿದ. ಏನನ್ನೋ ಹುಡುಕುತ್ತಿರುವವನ ಹಾಗೆ ಡಬ್ಬಿಗಳನ್ನು ಸರಿಸಿದ. ಅವಳು ಹಾಗೆಯೇ ಮುಂದೆ ಹೋಗಲಿ, ಗೊಂಡೊನನ್ನು ಕೇಳಿ ವಾಪಸ್ಸು ಹೋಗಲಿ, ನಾಳೆ ಬರಲಿ, ನಾಳೆ ನಿಜವಾಗಿಯೂ ಜ್ವರ ಬರಲಿ. ಮೊಣಕೈ ತಾಗಿ ಬಾಲ್ಸಿನ ಡಬ್ಬಿ ಮಗುಚಿತು. ನೂರಾರು ಉಕ್ಕಿನ ಗುಂಡುಗಳು ಚಿಲ್ಲನೆ ಸಿಮೆಂಟಿನ ಮೇಲೆ ಹರಡಿ, ಮೋರಿಯ ಕಡೆ, ಗೊಂಡೊನ ಗರಗಸಗಳ ಕೆಳಗೆ, ದಾರಿಹೋಕರ ಕಾಲ ಸಂದಿಗೆ ಓಡಿದವು.

"ಅಯ್ಯೋ ಮಾಸ್, ಹುಷಾರು!" ಮುರ್ನಿ ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಆಗಲೇ ಕುಕ್ಕರಗಾಲಲ್ಲಿ ಕೂತು ಗುಂಡುಗಳನ್ನು ಆರಿಸಲು ಶುರುಮಾಡಿದ್ದಳು. ಮದುವೆಯಾಗಿ ಬಂದಂದಿನಿಂದ ಅವಳು ಅವನನ್ನು ಅಣ್ಣನೆಂದೇ ಕರೆದದ್ದು, ಮಾಸ್ ದರ್ ಎಂದು. "ಜ್ವರ ಹೇಗಿದೆ? ಅತ್ತಿಗೆ ಹೇಳಿದ್ರು. ಇನ್ನೂ ಎರಡು ದಿನ ಮಲಗ್ಬಾರದಿತ್ತಾ?"

"ಯಾರಿಗೆ ಜ್ವರ?" ಅಂದ ಗೊಂಡೊ. "ಮೊನ್ನೆ ಸಾಯಂಕಾಲದ ತನಕ ಇಲ್ಲೇ ಕೂತು ನನ್ನ ಹತ್ರ ಎರಡು ಲೋಟ ಟೀ ಕುಡಿದ್ನಲ್ಲ."

ದರ್ಸೊನೊ ಮೇಲೆ ನೋಡಲಿಲ್ಲ. ಮುರ್ನಿ ಕ್ಷಣಹೊತ್ತು ಆರಿಸುವುದನ್ನು ನಿಲ್ಲಿಸಿದಳು, ಆಮೇಲೆ ಏನೂ ಕೇಳಿಸದವಳಂತೆ ಮತ್ತೆ ಆರಿಸತೊಡಗಿದಳು. ಅವಳ ಈ ದಾಕ್ಷಿಣ್ಯ ಅವನನ್ನು ಗೊಂಡೊನ ಮಾತಿಗಿಂತ ಜಾಸ್ತಿ ಚುಚ್ಚಿತು. ಮೂರು ವರ್ಷ ಅವಳ ಮನೆಯ ನಲ್ಲಿ ರಿಪೇರಿ ಮಾಡಿದ್ದಾನೆ, ಹೆಂಚು ಬದಲಿಸಿದ್ದಾನೆ, ಹಬ್ಬಕ್ಕೆ ಕೋಳಿ ಒಯ್ದಿದ್ದಾನೆ. ಅವಳು ಕೊಟ್ಟ ಕಾಫಿಯನ್ನು ಕುಡಿದು, ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ ಎಂದು ಅವಳು ಅಕ್ಕಪಕ್ಕದವರಿಗೆ ಹೇಳುವುದನ್ನು ಕೇಳಿಸಿಕೊಂಡು ಬಂದಿದ್ದಾನೆ.

"ವೆನಿಂಗ್ ಹಟ ಹಿಡಿದಿದಾಳೆ," ಅಂದಳು ಮುರ್ನಿ ಮಗಳ ಬಗ್ಗೆ, ಗುಂಡುಗಳನ್ನು ಅವನ ಅಂಗೈಗೆ ಸುರಿಯುತ್ತ. "ಸಾವಿರದ ದಿನ ಮುಗೀಲಿ ಅಂತಾನೇ ಕಾಯ್ತಿದ್ಲು. ಈ ಭಾನುವಾರ ಅಪ್ಪನ ಸೈಕಲ್ಲಲ್ಲೇ ಕ್ಲೆಪು ಹತ್ತಬೇಕಂತೆ, ನಿಮ್ಮ ಗುಂಪಿನ ಜೊತೆ. ಚೈನು ತುಕ್ಕು ಹಿಡಿದಿದೆ, ಹಿಂದಿಂದು ಹಲ್ಲೂ ಸವೆದಿದೆಯಂತೆ. ಹೊಸದು ಹಾಕ್ಕೊಡಿ ಮಾಸ್. ಆದ್ರೆ ಅಪ್ಪಂಗೆ ಹೇಗಿತ್ತೋ ಹಾಗೇ ಇರಬೇಕಂತೆ, ಒಂದು ಹಲ್ಲೂ ಹೆಚ್ಚೂ ಕಮ್ಮಿ ಆಗಬಾರದಂತೆ. ಹೇಳಿ ಕಳ್ಸಿದಾಳೆ."

ಅವನು ಸೈಕಲ್ಲನ್ನು ಎತ್ತಿ ಕೊಕ್ಕೆಗೆ ಹಾಕಿದ. ಇಪ್ಪತ್ತೈದು ಹಲ್ಲು. ಹಲ್ಲುಗಳು ಸವೆದು ಶಾರ್ಕಿನ ಹಲ್ಲಿನಂತೆ ಒಂದೇ ಕಡೆಗೆ ವಾಲಿದ್ದವು. ಅವುಗಳ ನಡುವೆ ಒಣಗಿದ ಮಣ್ಣು ಇನ್ನೂ ಇತ್ತು. ಪೆಡಲು ತಿರುಗಿಸಿದೊಡನೆ ಚೈನು ಕಿರುಚಿತು. ಪ್ರಪ್ತೊ ಸತ್ತ ಆ ಭಾನುವಾರ ಬೆಳಗ್ಗೆ ಕ್ಲೆಪು ರಸ್ತೆಯ ಎರಡೂ ಬದಿಗೆ ಬಿದಿರು ತಟ್ಟಿಗಳ ಮೇಲೆ ತಂಬಾಕು ಒಣಗುತ್ತಿತ್ತು, ಗಾಳಿಗೆಲ್ಲ ಬೆಲ್ಲದ ಪಾಕದಂಥ ವಾಸನೆ. ಮುಂಚಿನ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ದೊಡ್ಡ ಸೆಟ್ಟನ್ನು ದರ್ಸೊನೊ ತನ್ನ ಸೈಕಲ್ಲಿಗೆ ಹಾಕಿಕೊಂಡಿದ್ದ. ಯಾರಿಗೂ ಕಾಣಲಿಕ್ಕಿಲ್ಲ ಎಂಬ ಧೈರ್ಯ. ಯಾವಾಗಲೂ ಕೊನೆಯಲ್ಲಿ ಬರುವವನ ಹಿಂಗಾಲಿಯನ್ನು ಯಾರು ನೋಡುತ್ತಾರೆ? ಮೊದಲ ತಿರುವಿನಲ್ಲಿ ಮಂಡಿ ನೋಯಲಿಲ್ಲ. ಎರಡನೆಯದರಲ್ಲೂ ಇಲ್ಲ. ಕಾಲುಗಳು ಸಲೀಸಾಗಿ ಗಿರಗಿರನೆ ತಿರುಗುತ್ತಿದ್ದವು, ಮೈಯಲ್ಲಿ ಇಪ್ಪತ್ತು ವರ್ಷ ಇಳಿದುಹೋದ ಹಾಗೆ. ನಾಲ್ಕನೆಯ ತಿರುವಿನಲ್ಲಿ ಮುಂದೆ ಪ್ರಪ್ತೊನ ಬೆನ್ನು. ಮಿಕ್ಕವರು ಆಗಲೇ ಬಳಸಿಕೊಂಡು ಮೇಲೆ ಹೋಗಿದ್ದರು. ಪ್ರಪ್ತೊ ಆ ದಿನ ಹಿಂದೆ ಬಿದ್ದಿದ್ದ, ಅವನ ಅಂಗಿ ಬೆನ್ನಿಗೆ ಅಂಟಿತ್ತು, ಒಂದೊಂದು ತುಳಿತಕ್ಕೂ ಹೆಗಲು ಪಕ್ಕಕ್ಕೆ ವಾಲುತ್ತಿತ್ತು. ನಿಲ್ಲು, ಇಳಿದುಬಿಡು, ಅನ್ನಬೇಕಿತ್ತು. ದರ್ಸೊನೊನ ಎದೆಯಲ್ಲಿ ಆಗ ಎದ್ದದ್ದು ಸಂತೋಷ. ಬೇರೇನೂ ಅಲ್ಲ, ಬರೀ ಸಂತೋಷ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಪ್ರಪ್ತೊನನ್ನು ದಾಟಿದ. ದಾಟುವಾಗ ಪ್ರಪ್ತೊ ಬಗ್ಗಿ ಇವನ ಹಿಂಗಾಲಿಯನ್ನು ನೋಡಿದ. ಮುಖವೆಲ್ಲ ಬೆವರು, ತುಟಿ ಬಿಳಿಚಿತ್ತು, ಆದರೂ ನಕ್ಕ. "ಓಹೋ, ಊಟ ಆಯ್ತಾ ಗುರುಗಳೇ?" ಎಂದು ಸೀಟಿನಿಂದ ಎದ್ದು ನಿಂತು, ಇವನನ್ನು ಹಿಡಿಯಲು ಒಂದು, ಎರಡು, ಮೂರು ಸಲ ತುಳಿದ. ಆಮೇಲೆ ಸೈಕಲ್ಲು ಬಿದ್ದ ಸದ್ದು. ತಿರುಗಿ ನೋಡುವ ಹೊತ್ತಿಗೆ ಅವನು ತಂಬಾಕಿನ ತಟ್ಟಿಯೊಂದರ ಮೇಲೆ ಮಗುಚಿ ಬಿದ್ದಿದ್ದ, ಎಲೆ ಕೂದಲಿಗೆಲ್ಲ ಹತ್ತಿತ್ತು. ಕಣ್ಣು ತೆರೆದೇ ಇತ್ತು. ಬಾಯಿಂದ ಒಂದು ಮಾತೂ ಬರಲಿಲ್ಲ.

ಎಲ್ಲರೂ ಪ್ರಪ್ತೊನನ್ನು ತರಕಾರಿ ಗಾಡಿಯಲ್ಲಿ ಹಾಕಿಕೊಂಡು ಇಳಿದರು. ದರ್ಸೊನೊ ದಾರಿಯಲ್ಲಿ ಅಂಗಡಿಗೆ ಬಂದ. ಅತ್ತ ಹೆಣಕ್ಕೆ ಸ್ನಾನ ಮಾಡಿಸುತ್ತಿರುವಾಗ ಇತ್ತ ಅವನು ದೊಡ್ಡ ಸೆಟ್ಟನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮೊಳೆಗೆ ತೂಗುಹಾಕುತ್ತಿದ್ದ. ಕೊನೆಯ ಪ್ರಾರ್ಥನೆಗೆ ನಿಂತಾಗ ಅವನ ಉಗುರುಗಳಲ್ಲಿ ಗ್ರೀಸು ಇತ್ತು. ಮಣ್ಣು ಮಾಡಿ ಬಂದು ಅಂಗಳದಲ್ಲಿ ಕೂತಾಗ ಮುರ್ನಿಯ ಅಣ್ಣ ಕೇಳಿದ: ಪ್ರಾಣ ಹೋಗುವಾಗ ನೀವೊಬ್ಬರೇ ಅಲ್ವಾ ಇದ್ದದ್ದು, ಏನಾದ್ರೂ ಅಂದ್ನಾ? ಬಾಗಿಲ ಮರೆಯಲ್ಲಿ ಮುರ್ನಿ, ಅವಳ ಸೊಂಟ ಹಿಡಿದ ವೆನಿಂಗ್. ದೇವರ ಹೆಸರು ಹೇಳಿದ, ಅಂದ ದರ್ಸೊನೊ. ಎರಡು ಸಲ ಹೇಳಿದ. ಎರಡು ಸಲ ಎಂದು ಯಾಕೆ ಸೇರಿಸಿದನೋ ಅವನಿಗೇ ಗೊತ್ತಿಲ್ಲ. ಮಾಲು ಮಾರುವವನ ನಾಲಿಗೆ ಅದು. ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಮುರ್ನಿ ಅಲ್ಲೇ ಕುಸಿದು ಕೂತು ದೇವರಿಗೆ ಶರಣೆಂದಳು. ಅವತ್ತಿನಿಂದ ಆ ಮನೆ ನಿಂತದ್ದೇ ಆ ಮಾತಿನ ಮೇಲೆ.

"ಆಗುತ್ತಲ್ವಾ ಮಾಸ್?" ಮುರ್ನಿ ಕೇಳುತ್ತಿದ್ದಳು. "ಯಾಕೆ ಸುಮ್ನಾದ್ರಿ?"

"ಇಪ್ಪತ್ತೈದು ಆಗಲ್ಲ ದಿಕ್ ಮುರ್ನಿ," ಅಂದ ದರ್ಸೊನೊ. ದಿಕ್ ಎಂದು ಅವಳನ್ನು ಅವನು ಕರೆಯುತ್ತಿದ್ದದ್ದು ತಂಗಿಯನ್ನು ಕರೆಯುವಂತೆ. "ಆ ಏರಿಗೆ ಅದು ಸಾಲಲ್ಲ. ಹುಡುಗಿ ಎದೆ ಒಡ್ಕೋತಾಳೆ. ದೊಡ್ಡದು ಹಾಕೋಣ."

"ಅವಳಪ್ಪ ಅದರಲ್ಲೇ ಹತ್ತುತಿದ್ರಲ್ಲ."

"ಹತ್ತುತಿದ್ದ. ಆದ್ರೂ ಸಾಲಲ್ಲ."

"ನಂಗೆ ಈ ಹಲ್ಲಿನ ಲೆಕ್ಕ ತಿಳಿಯಲ್ಲ. ಸಾಲೋದು ಅಂದ್ರೇನು, ಸಾಲದೆ ಇರೋದು ಅಂದ್ರೇನು? ನಂಗೆ ಅರ್ಥ ಆದ್ರೆ ತಾನೇ ಅವಳಿಗೆ ಹೇಳೋದು."

ಅವನು ಹೇಳಿಕೊಡಬೇಕಾಯಿತು. ಸಾವಿರ ಜನಕ್ಕೆ ಹೇಳಿಕೊಟ್ಟದ್ದೇ, ಹಾಗಾಗಿ ಮಾತು ತಾನಾಗಿ ಸಲೀಸಾಗಿ ಬಂತು. ಹಿಂದಿನ ಗಾಲಿಗೆ ಸೀಮೆಸುಣ್ಣದ ಗುರುತು ಹಾಕಿ ಪೆಡಲನ್ನು ಒಂದು ಸುತ್ತು ತಿರುಗಿಸಿ ತೋರಿಸಿದ. ಇಪ್ಪತ್ತೈದರಲ್ಲಿ ಒಂದು ಸುತ್ತು ತುಳಿದರೆ ಸೈಕಲ್ಲು ಮೂರು ಮೀಟರಿಗಿಂತ ಮುಂದೆ ಹೋಗುತ್ತೆ. ನಲವತ್ತರಲ್ಲಿ ಅದೇ ಒಂದು ಸುತ್ತಿಗೆ ಎರಡೇ ಮೀಟರು. ದೂರ ಕಮ್ಮಿ, ಭಾರವೂ ಕಮ್ಮಿ. ಸುತ್ತು ಜಾಸ್ತಿ ಹಾಕ್ಬೇಕು ಅಷ್ಟೆ, ನಿಧಾನ ಆಗುತ್ತೆ, ಆದ್ರೆ ಉಸಿರು ಉಳಿಯುತ್ತೆ.

ಮುರ್ನಿ ಬಗ್ಗಿ ನೋಡುತ್ತಿದ್ದಳು. ಅವಳು ಇದೇ ಬೆಟ್ಟದ ಹೊಲದಲ್ಲಿ ಹುಟ್ಟಿದವಳು. "ಅಂದ್ರೆ ಚಿಕ್ಕ ಹೆಜ್ಜೆ," ಅಂದಳು. "ಬೆನ್ನಿಗೆ ತಂಬಾಕಿನ ಬುಟ್ಟಿ ಹೊತ್ಕೊಂಡಾಗ ನಮ್ಮಮ್ಮ ಹೇಳೋಳು, ಹೆಜ್ಜೆ ಚಿಕ್ಕದಿಡು, ದೊಡ್ಡ ಹೆಜ್ಜೆ ಇಟ್ರೆ ಎದೆ ಒಡೆಯುತ್ತೆ ಅಂತ. ಅದೇ ತಾನೆ?"

"ಅದೇ."

"ಇಷ್ಟೇ ಇಷ್ಟು." ಅವಳು ನೆಟ್ಟಗಾದಳು. ಗೋಡೆಯ ಮೇಲಿದ್ದ ದೊಡ್ಡ ಚಕ್ರವನ್ನು ನೋಡಿದಳು, ಆಮೇಲೆ ಅವನನ್ನು. ಅವಳ ಹುಬ್ಬುಗಳ ನಡುವೆ ಪ್ರಶ್ನೆ ರೂಪ ತಾಳುವುದನ್ನು ಅವನು ನೋಡುತ್ತಲೇ ಇದ್ದ, ತಾನೇ ಇಷ್ಟು ಹೊತ್ತು ಅದನ್ನು ಹಲ್ಲು ಹಲ್ಲಾಗಿ ಕಟ್ಟಿಕೊಟ್ಟವನು. "ಹಾಗಾದ್ರೆ ಅವರಿಗ್ಯಾಕೆ ಇದನ್ನ ಹಾಕ್ಲಿಲ್ಲ ಮಾಸ್?"

ಗೊಂಡೊ ಮಧ್ಯಾಹ್ನದ ಪ್ರಾರ್ಥನೆಗೆಂದು ಎದ್ದು ಟವಲು ಕೊಡವಿಕೊಂಡು ಮಸೀದಿಯ ಕಡೆ ಹೊರಟಿದ್ದ. ಅವನು ತಿರುವಿನಲ್ಲಿ ಮರೆಯಾಗುವ ತನಕ ದರ್ಸೊನೊ ಕಾದ. "ಕೇಳಿದ್ದ," ಅಂದ. "ಎದೆ ಹಿಡ್ಕೊಳ್ಳುತ್ತೆ, ಇದನ್ನ ಹಾಕು ಅಂತ ಅವನೇ ಕೇಳಿದ್ದ. ಇಲ್ಲೇ ನಿಂತ್ಕೊಂಡು. ನಾನೇ ನಕ್ಕೆ. ಅಜ್ಜಿಯರ ತಟ್ಟೆ, ಅನ್ನ ಬಡಿಸ್ಕೊಂಡು ಉಣ್ತೀಯಾ ಅಂದೆ, ನಾಲ್ಕು ಜನರ ಮುಂದೆ. ಅವನು ವಾಪಸ್ ಇಟ್ಬಿಟ್ಟ." ಹೇಳಿ ಮುಗಿಸಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದ.

ಮುರ್ನಿ ಅಂಗಡಿಯ ಮಣೆಯ ಮೇಲೆ ಮೆಲ್ಲಗೆ ಕೂತಳು. ಆಮೇಲೆ ಅವನು ಎಣಿಸಿಯೇ ಇರದ ಹಾಗೆ, ಅವಳ ಮುಖದಲ್ಲಿ ನಗುವಿನಂಥದೊಂದು ಬಂತು. "ಗೊತ್ತು," ಅಂದಳು. "ಅವತ್ತು ಊಟಕ್ಕೆ ಕೂತಾಗ ಹೇಳಿದ್ರು. ಮಾಸ್ ದರ್ ಹೀಗಂದ ಅಂತ ತಟ್ಟೆ ಎತ್ತಿ ತೋರ್ಸಿ ನಕ್ರು. ನಾನೂ ನಕ್ಕೆ. ಬೇಡ ಬಿಡಿ, ಊರವರು ಆಡ್ಕೋತಾರೆ ಅಂದೆ." ಸೆರಗಿನಂತಿದ್ದ ಶಿರವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. "ಇದಕ್ಕಾ ನೀವು ಮೊನ್ನೆ ಬರದೇ ಇದ್ದಿದ್ದು? ಇಷ್ಟಕ್ಕಾ? ಹೃದಯದ ನಾಳ ಮೊದ್ಲೇ ಕಟ್ಟಿತ್ತು ಅಂತ ಡಾಕ್ಟ್ರು ಹೇಳ್ಲಿಲ್ವಾ? ಮಲಗಿದ್ದಲ್ಲೂ ಆಗ್ಬಹುದಿತ್ತಂತೆ. ನಕ್ಕಿದ್ದು ಪಾಪ ಅಂದ್ರೆ ಅದ್ರಲ್ಲಿ ನಂದೂ ಪಾಲಿದೆ. ಬಿಡಿ ಮಾಸ್."

ಕ್ಷಮೆ ಇಷ್ಟು ಹತ್ತಿರ, ಇಷ್ಟು ಅಗ್ಗವಾಗಿ, ಸಂತೆಯ ಈ ಗದ್ದಲದಲ್ಲಿ ಬಂದು ಎದುರಿಗೆ ನಿಂತಿತ್ತು. ತೆಗೆದುಕೊಳ್ಳಬಹುದಿತ್ತು. ಕಣ್ಣಲ್ಲಿ ನೀರು ತಂದುಕೊಂಡು, ಹೌದು ದಿಕ್ ಎಂದು ತಲೆಯಾಡಿಸಿ, ಇಬ್ಬರೂ ಒಂದೊಂದು ಲೋಟ ಸಿಹಿ ಟೀ ಕುಡಿದು ಎಲ್ಲವನ್ನೂ ಇಲ್ಲಿಗೇ ಮುಗಿಸಬಹುದಿತ್ತು. ಅವನ ತಲೆ ಅರ್ಧ ಆಡಿಯೂ ಆಗಿತ್ತು.

"ಅವಳಿಗೆ ನಾನೇ ಒಪ್ಪಿಸ್ತೀನಿ," ಅಂದಳು ಮುರ್ನಿ ಎದ್ದು ನಿಲ್ಲುತ್ತ. "ಇದನ್ನೇ ಹಾಕಿ. ಅವರು ಕೈಯಲ್ಲಿ ಹಿಡಿದಿದ್ದಲ್ವಾ, ಅವರ ಸೈಕಲ್ಲಿಗೇ ಸೇರ್ಲಿ." ಅವಳು ಕೈ ಚಾಚಿ ಮೊಳೆಯಿಂದ ಅದನ್ನು ತೆಗೆದೇಬಿಟ್ಟಳು.

"ಇದು ಬೇಡ."

"ಯಾಕೆ?"

"ಬೇರೆ ತರಿಸಿಕೊಡ್ತೀನಿ. ಶನಿವಾರದೊಳಗೆ ತರಿಸ್ತೀನಿ. ಇದು ಬೇಡ."

"ಹೊಸದಾಗೇ ಇದೆಯಲ್ಲ?" ಅವಳು ಅದನ್ನು ಬೆಳಕಿಗೆ ತಿರುಗಿಸಿದಳು. ಎಷ್ಟು ತೊಳೆದರೂ ಒಂದು ದಿನ ಓಡಿದ ಚೈನಿನ ಸಣ್ಣ ಗೀರುಗಳು ಹಲ್ಲುಗಳ ಮೇಲೆ ಉಳಿದಿದ್ದವು. ಅವಳಿಗೆ ಅದು ಕಾಣಲಿಲ್ಲ, ಕಂಡರೂ ಏನೆಂದು ತಿಳಿಯುತ್ತಿರಲಿಲ್ಲ. ಅವನಿಗೆ ಮಾತ್ರ ಬೇರೇನೂ ಕಾಣುತ್ತಿರಲಿಲ್ಲ. ಭಾನುವಾರ ಆ ಹುಡುಗಿ ಅದೇ ತಿರುವಿನಲ್ಲಿ ಅದೇ ಚಕ್ರವನ್ನು ಖುಷಿಯಿಂದ ತುಳಿಯುತ್ತ ಹೋಗುವುದು ಕಣ್ಣಿಗೆ ಕಟ್ಟಿತು.

"ಅದು ನನ್ನ ಸೈಕಲ್ಲಲ್ಲಿತ್ತು," ಅಂದ. "ಆ ಭಾನುವಾರ. ನಂಗೋಸ್ಕರಾನೇ ತರಿಸಿದ್ದೆ. ನನ್ನ ಮಂಡಿ ಹೋಗಿತ್ತು, ಯಾರಿಗೂ ಹೇಳಿರ್ಲಿಲ್ಲ. ಅವನು ತಗೊಂಡುಬಿಟ್ರೆ ನಂಗಿಲ್ಲ ಅಂತಾನೇ ಆ ಮಾತಂದಿದ್ದು. ಅದನ್ನ ಹಾಕ್ಕೊಂಡು ನಾಲ್ಕನೇ ತಿರುವಲ್ಲಿ ಅವನನ್ನ ದಾಟ್ದೆ."

ಸಂತೆಯ ಸದ್ದು ಹಾಗೆಯೇ ಇತ್ತು. ಯಾರೋ ಈರುಳ್ಳಿಯ ಬೆಲೆ ಕೂಗುತ್ತಿದ್ದರು. ಮುರ್ನಿ ಚಕ್ರವನ್ನು ಹಲಗೆಯ ಮೇಲೆ ಇಟ್ಟಳು.

"ಅವರು ನೋಡಿದ್ರಾ?"

"ನೋಡಿದ."

"ಏನಾದ್ರೂ ಅಂದ್ರಾ?"

"ಊಟ ಆಯ್ತಾ ಅಂದ. ನಕ್ಕ. ನಕ್ಕು, ಎದ್ದು ನಿಂತು, ನನ್ನ ಹಿಡಿಯೋಕೆ ತುಳಿದ."

ಅವಳು ಕೊಕ್ಕೆಯಲ್ಲಿ ನೇತಾಡುತ್ತಿದ್ದ ನೀಲಿ ಸೈಕಲ್ಲಿನ ಕಡೆ ತಿರುಗಿದಳು. ಅವಳ ತುಟಿ ಎರಡು ಸಲ ಅಲುಗಿತು. ಮುಂದಿನ ಪ್ರಶ್ನೆ ಏನೆಂದು ದರ್ಸೊನೊಗೆ ಗೊತ್ತಿತ್ತು. ಉತ್ತರವೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇಷ್ಟು ಹೇಳಿದವನಿಗೆ ಅದೊಂದನ್ನೂ ಹೇಳಿ ಕೈತೊಳೆದುಕೊಳ್ಳುವ ಆಸೆ, ಬಾಯಾರಿದವನಿಗೆ ನೀರಿನ ಮೇಲಿರುವಷ್ಟು ಆಸೆ, ಮೈಯೆಲ್ಲ ಹಬ್ಬಿತ್ತು. ಪ್ರಪ್ತೊ ಏನೂ ಹೇಳಲಿಲ್ಲ ದಿಕ್ ಮುರ್ನಿ, ಸಾಯುವಾಗ ಒಂದಕ್ಷರವನ್ನೂ ಹೇಳಲಿಲ್ಲ, ಎಂದುಬಿಡಬೇಕು. ಅವನು ಬಾಯಿ ತೆರೆದ.

"ಆಮೇಲೆ ದೇವರ ಹೆಸರು ಹೇಳಿದ್ರು," ಅಂದಳು ಮುರ್ನಿ. ಅದು ಪ್ರಶ್ನೆಯಂತಿರಲಿಲ್ಲ. ಅವಳು ಈಗ ನೇರ ಅವನ ಕಣ್ಣಿಗೆ ಕಣ್ಣಿಟ್ಟಿದ್ದಳು, ಮಗುವಿನ ಕೈಯಿಂದ ಚಾಕು ಕಸಿಯುವವರು ನೋಡುವ ಹಾಗೆ. "ಎರಡು ಸಲ ಹೇಳಿದ್ರು. ಅಲ್ವಾ, ಪಾಕ್?"

ಇಪ್ಪತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳು ಅವನನ್ನು ಹೊರಗಿನವರನ್ನು ಕರೆಯುವಂತೆ ಪಾಕ್ ಅಂದವಳಲ್ಲ.

"ಹೇಳಿದ," ಅಂದ ದರ್ಸೊನೊ.

"ವೆನಿಂಗ್ ಕೇಳ್ತಾಳೆ. ಎಲ್ಲಿ ಬಿದ್ರು, ಏನಂದ್ರು, ಎಲ್ಲಾ ಕೇಳ್ತಾಳೆ. ಭಾನುವಾರ ನೀವೂ ಅವಳ ಜೊತೆ ಹತ್ತಬೇಕು. ಮಂಡಿ ಗಿಂಡಿ ಅನ್ಬೇಡಿ, ದೂಡ್ಕೊಂಡಾದ್ರೂ ಬನ್ನಿ. ಆ ಜಾಗದಲ್ಲಿ ನಿಂತ್ಕೊಂಡು ಅವಳಿಗೆ ಹೇಳಿ, ದೇವರ ಹೆಸರು ಹೇಳಿದ ಅಂತ." ಅವಳು ಶಿರವಸ್ತ್ರ ಸರಿಪಡಿಸಿಕೊಂಡಳು. ದನಿ ಒಂದಿಷ್ಟೂ ಏರಿರಲಿಲ್ಲ. "ಹೇಳ್ದೆ ಮಿಕ್ಕಿದ್ದನ್ನ ನೀವೇ ಇಟ್ಕೊಳ್ಳಿ."